ನಡುವಯಸ್ಸಿನ ಮುಂದಾಳುಗಳ ಸ್ವಶಿಕ್ಷಣ

(ಗ್ರಾಮ ಮುಂದಾಳುಗಳ ಶಿಬಿರದ ಎರಡನೆಯ ದಿನ ಗ್ರಾಮಮಟ್ಟದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಈ ದಿನ ನನಗೆ ವಹಿಸಿಕೊಟ್ಟಿರುವ ವಿಷಯ 'ಮುಂದಾಳುಗಳ ಸ್ವಶಿಕ್ಷಣ'. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇದನ್ನು ಕಂಡಾಗ ಸಂಕೋಚವಾಯಿತು. ನನಗೆ ಇಪ್ಪತ್ತೆಂಟು ವರ್ಷ. ಇಲ್ಲಿ ಕುಳಿತಿರುವವರಲ್ಲಿ ಬಹುಪಾಲು ಜನ ನಲವತ್ತು ದಾಟಿದವರು. ನಾನು ಹುಟ್ಟುವುದಕ್ಕೆ ಮುಂಚೆಯೇ ಊರಿನ ಜಗಳ ಬಿಡಿಸಿದವರೂ ನಿಮ್ಮಲ್ಲಿದ್ದೀರಿ. ನಾನು ಕಲಿತದ್ದು ಎರಡು ವರ್ಷದ ಕೃಷಿ ಡಿಪ್ಲೊಮಾ. ಮಣ್ಣು, ಬೀಜ, ಗೊಬ್ಬರ, ಹುಳು ಇವುಗಳ ವಿಚಾರ ನಾಲ್ಕು ಮಾತು ಹೇಳಬಲ್ಲೆ. ಮನುಷ್ಯರ ವಿಚಾರಕ್ಕೆ ಡಿಪ್ಲೊಮಾ ಇಲ್ಲ. ಆದ್ದರಿಂದ ನಿಮಗೆ ಬುದ್ಧಿ ಹೇಳುವುದಕ್ಕೆ ನಾನು ನಿಂತಿಲ್ಲ. ಊರೂರು ತಿರುಗುವ ಕೆಲಸದಲ್ಲಿ ಕಣ್ಣಿಗೆ ಬಿದ್ದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಸರಿಯೆನಿಸಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತೂರಿಬಿಡಿ.

ಮೊದಲನೆಯದಾಗಿ, ನಡುವಯಸ್ಸಿನ ಮುಂದಾಳಿಗೆ ಏಕೆ ಬೇರೆ ಶಿಕ್ಷಣ ಬೇಕು ಎಂಬ ಪ್ರಶ್ನೆ. ಇಪ್ಪತ್ತೈದರ ಹುಡುಗ ತಪ್ಪು ಮಾಡಿದರೆ ತಿದ್ದುವವರಿಗೆ ಬರವಿಲ್ಲ. ತಂದೆ ಗದರುತ್ತಾರೆ, ಸೋದರಮಾವ ಹೇಳುತ್ತಾನೆ, ಅಧಿಕಾರಿ ಬೈಯುತ್ತಾನೆ, ಓರಗೆಯವರು ನಗುತ್ತಾರೆ. ನಲವತ್ತೈದು ತುಂಬಿ, ಸಂಘದ ಅಧ್ಯಕ್ಷನೋ ಪಂಚಾಯತಿ ಸದಸ್ಯನೋ ಆದಮೇಲೆ ಈ ಬಾಯಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ತಂದೆ ತೀರಿಕೊಂಡಿರುತ್ತಾರೆ ಅಥವಾ ಮೂಲೆ ಹಿಡಿದಿರುತ್ತಾರೆ. ಬರುವ ಅಧಿಕಾರಿಗಳು ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರು. ನೆರೆಯವನಿಗೆ ನಿಮ್ಮ ಒಂದು ಸಹಿ ಬೇಕಾಗಿರುತ್ತದೆ. ಮಗ ಊರಲ್ಲಿರುವುದಿಲ್ಲ; ಇದ್ದರೂ ಎದುರು ಮಾತಾಡುವುದಿಲ್ಲ. ಹೀಗೆ ಯಾವ ವಯಸ್ಸಿನಲ್ಲಿ ಮನುಷ್ಯನ ಒಂದು ಮಾತಿಗೆ ನೂರು ಮನೆಯ ಲಾಭ ನಷ್ಟ ಅಂಟಿಕೊಂಡಿರುತ್ತದೆಯೋ ಅದೇ ವಯಸ್ಸಿನಲ್ಲಿ ಅವನನ್ನು ತಿದ್ದುವವರು ಯಾರೂ ಉಳಿದಿರುವುದಿಲ್ಲ. ಆಗ ಅವನು ತನಗೆ ತಾನೇ ಮೇಷ್ಟ್ರಾಗಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ಇದು ಬರಿಯ ಮಾತಲ್ಲ ಎಂಬುದಕ್ಕೆ ಒಂದು ಊರಿನ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಆ ಊರಿನ ಕೆರೆಯ ತೂಬು ದುರಸ್ತಿಯಾಗಿ, ಕಾಲುವೆಗೆ ಕಲ್ಲು ಕಟ್ಟಿ ಹತ್ತಾರು ವರ್ಷಗಳಾಗಿವೆ. ಆ ಕೆಲಸಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು ಒಬ್ಬರೇ ಹಿರಿಯರು. ನೀರಿನ ಸರದಿಯನ್ನೂ ಅವರೇ ಗೊತ್ತುಮಾಡಿದರು. ಆಗಿನ ಲೆಕ್ಕಕ್ಕೆ ಅದು ನ್ಯಾಯವಾಗಿಯೇ ಇತ್ತು. ಆಮೇಲೆ ಮೇಲ್ಭಾಗದಲ್ಲಿ ಕೆಲವರು ಅಡಿಕೆ ಹಾಕಿದರು, ಕೆಲವರು ಎರಡನೆಯ ಭತ್ತ ನಾಟಿಮಾಡಿದರು. ಸರದಿ ಮಾತ್ರ ಹಳೆಯದೇ ಉಳಿಯಿತು. ಕಾಲುವೆಯ ಕೊನೆಯಂಚಿನ ಗದ್ದೆಗಳಲ್ಲಿ ಹೊಡೆ ಬರುವ ಹೊತ್ತಿಗೆ ಸರಿಯಾಗಿ ನೀರಿಲ್ಲ. ಭತ್ತಕ್ಕೆ ಆ ಹೊತ್ತಿನಲ್ಲಿ ನೀರು ತಪ್ಪಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತೆನೆ ಇರುತ್ತದೆ, ಒಳಗೆ ಜೊಳ್ಳು. ಎರಡು ಬೇಸಗೆ ಹೀಗೆಯೇ ಹೋಯಿತು. ಸಾಲ ತೀರಿಸಲಾಗದೆ ಎರಡು ಮನೆಯವರು ದನ ಮಾರಿದರು. ಒಂದು ಮನೆಯವರು ಬೀಗ ಹಾಕಿ ಬೆಂಗಳೂರಿಗೆ ಹೋದರು.

ಆ ಹಿರಿಯರಿಗೆ ಯಾರೂ ಹೇಳಲಿಲ್ಲ. ಕಾಲುವೆ ತಂದವರಿಗೆ ಕಾಲುವೆಯ ವಿಚಾರ ಹೇಳುವುದು ಹೇಗೆ? ಕೊನೆಯಂಚಿನವರು ನನ್ನೊಡನೆ ಹೇಳಿಕೊಂಡರು. ಅವರ ಮುಂದೆ ಬಂದಾಗ ಎಲ್ಲ ಚೆನ್ನಾಗಿದೆ ಎಂದರು. ಆ ಊರಲ್ಲಿ ನೀರುಗಂಟಿಯ ಕೆಲಸ ಇನ್ನೂ ನಡೆದಿದೆ. ಒಂದು ದಿನ ಆ ಹಿರಿಯರಿಗೇ ಏನು ತೋಚಿತೋ, ರಾತ್ರಿ ಊಟವಾದಮೇಲೆ ಬ್ಯಾಟರಿ ಹಿಡಿದು ನೀರುಗಂಟಿಯ ಹಿಂದೆ ಹೊರಟರು. ತೂಬಿನಿಂದ ಕೊನೆಯ ಗದ್ದೆಯವರೆಗೆ ನೀರಿನ ಜೊತೆಗೇ ನಡೆದರು. ಬೆಳಗಿನ ಜಾವದ ಹೊತ್ತಿಗೆ ನೀರು ಕೊನೆಯ ಮೂರು ಗದ್ದೆ ತಲುಪಿತು. ಅಷ್ಟರಲ್ಲಿ ಸರದಿ ಮುಗಿದಿತ್ತು. ಅವರು ಯಾರನ್ನೂ ಏನೂ ಕೇಳಲಿಲ್ಲ. ಮುಂದಿನ ಸಭೆಯಲ್ಲಿ, ಹೊಡೆ ಬರುವ ತಿಂಗಳಲ್ಲಿ ಕೊನೆಯಂಚಿನಿಂದ ಸರದಿ ಆರಂಭವಾಗಲಿ ಎಂದು ತಾವೇ ಸೂಚಿಸಿದರು. ಮೇಲ್ಭಾಗದವರು ಗೊಣಗಿದರು. ಅವರ ಸ್ವಂತ ಗದ್ದೆಯೂ ಮೇಲ್ಭಾಗದಲ್ಲಿಯೇ ಇದ್ದುದರಿಂದ ಗೊಣಗಾಟ ಬೇಗ ನಿಂತಿತು. ಬೀಗ ಹಾಕಿ ಹೋದ ಮನೆಯವರು ಇನ್ನೂ ಬಂದಿಲ್ಲ.

ಆತ್ಮಪರೀಕ್ಷೆ ಎಂದೊಡನೆ ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ಎಂದು ನಮ್ಮಲ್ಲಿ ಭಾವನೆಯಿದೆ. ಮುಂದಾಳಿನ ಆತ್ಮಪರೀಕ್ಷೆಗೆ ಕಣ್ಣು ತೆರೆದು ಕಾಲು ನಡೆಸುವುದು ಹೆಚ್ಚು ಸಹಾಯಕವೆಂದು ನನ್ನ ಅಭಿಪ್ರಾಯ. ನೀವು ಮಾಡಿದ ಕೆಲಸದ ಕೊನೆಯಂಚಿಗೆ ನೀವೇ ನಡೆದುಹೋಗಿ ನೋಡಿ. ರೇಷನ್ ಅಂಗಡಿಯ ಸಾಲಿನಲ್ಲಿ ಕಟ್ಟಕಡೆಯವರ ಹಿಂದೆ ಒಂದು ದಿನ ನಿಲ್ಲಿ. ಹಾಲಿನ ಸಂಘದಲ್ಲಿ ಅರ್ಧ ಲೀಟರು ಹಾಕುವ ಮುದುಕಿಯ ಪಕ್ಕ ನಿಂತು ಅವರಿಗೆ ಚೀಟಿ ಓದಿ ಹೇಳುವವರು ಯಾರಿದ್ದಾರೆ ನೋಡಿ.

ಇನ್ನು ಬೇರೆಯವರಿಂದ ತಿಳಿದುಕೊಳ್ಳುವುದು ಹೇಗೆ? ಇದಕ್ಕೆ ನಮ್ಮ ಮಣ್ಣು ಪರೀಕ್ಷೆಯ ಕ್ರಮವೇ ಸಾಕು. ನೀವು ಹಲವರು ಮಾದರಿ ತೆಗೆದಿದ್ದೀರಿ. ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು ಹತ್ತು ಹದಿನೈದು ಕಡೆ ಮೇಲಿನ ಕಸ ಸರಿಸಿ, ವಿ ಅಕ್ಷರದ ಆಕಾರದಲ್ಲಿ ಸುಮಾರು 15 ಸೆಂಟಿಮೀಟರು ಆಳಕ್ಕೆ ಗುಳಿ ತೋಡಿ, ಗುಳಿಯ ಬದಿಯಿಂದ ಮಣ್ಣು ಕೆರೆದುಕೊಳ್ಳುತ್ತೇವೆ. ಮರದ ನೆರಳಿನಲ್ಲಿ ತೆಗೆಯುವುದಿಲ್ಲ, ಬದುವಿನ ಪಕ್ಕದಲ್ಲಿ ತೆಗೆಯುವುದಿಲ್ಲ, ಗೊಬ್ಬರದ ಗುಂಡಿಯ ಹತ್ತಿರ ಖಂಡಿತ ತೆಗೆಯುವುದಿಲ್ಲ. ಅಲ್ಲಿಯ ಮಣ್ಣು ಯಾವಾಗಲೂ ಫಲವತ್ತೆಂದೇ ಹೇಳುತ್ತದೆ. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಹೀಗೆಯೇ ಮಾಡುತ್ತ ಅರ್ಧ ಕಿಲೋ ಉಳಿಸಿಕೊಂಡು, ನೆರಳಿನಲ್ಲಿ ಒಣಗಿಸಿ ಕಳಿಸುತ್ತೇವೆ.

ಮುಂದಾಳುಗಳು ತಮ್ಮ ವಿಚಾರ ತಿಳಿಯಬೇಕಾದಾಗ ಎಲ್ಲಿಂದ ಮಾದರಿ ತೆಗೆಯುತ್ತಾರೆ? ದಿನವೂ ಜಗಲಿಗೆ ಬಂದು ಕಾಫಿ ಕುಡಿಯುವ ನಾಲ್ವರಿಂದ. ಅದು ಗೊಬ್ಬರದ ಗುಂಡಿಯ ಪಕ್ಕದ ಮಣ್ಣು. ವಿರೋಧ ಪಕ್ಷದವನೊಬ್ಬನನ್ನೇ ಕೇಳಿದರೆ ಅದೂ ಸರಿಯಲ್ಲ. ಅದು ಬದುವಿನ ಮಣ್ಣು. ಹತ್ತು ಕಡೆ ಕೇಳಬೇಕು. ಮೇಲಿನ ಕೇರಿ, ಕೆಳಗಿನ ಕೇರಿ, ಕೂಲಿಗೆ ಹೋಗುವವರು, ಅಂಗನವಾಡಿಯ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ನಿಮಗೆ ಓಟು ಕೊಡದವರು. ಮೇಲಿನ ಕಸ ಸರಿಸಿ ಕೇಳಬೇಕು. "ಹೇಗಿದ್ದೀರಿ, ಎಲ್ಲ ಚೆನ್ನಾಗಿದೆಯೇ" ಎಂದು ಕೇಳಿದರೆ ಕಸವೇ ಬರುತ್ತದೆ. "ಹೋದ ಸಭೆಯಲ್ಲಿ ನಾನು ಮಾತಾಡಿದಾಗ ನಿಮಗೆ ಹೇಳಬೇಕೆಂದಿದ್ದ ಮಾತು ಏನಾದರೂ ಉಳಿಯಿತೇ?" ಎಂದು ಕೇಳಿ. ಕೇಳಿದ ಮೇಲೆ ಸಮಜಾಯಿಷಿ ಹೇಳಬೇಡಿ. ಸಮಜಾಯಿಷಿ ಹೇಳಿದಿರೋ, ಆ ಬಾಯಿ ಮತ್ತೆ ತೆರೆಯುವುದಿಲ್ಲ. ಇನ್ನೊಂದು ಮಾತು: ಮಣ್ಣಿನ ಮಾದರಿಯನ್ನು ಹಳೆಯ ರಸಗೊಬ್ಬರದ ಚೀಲದಲ್ಲಿ ಹಾಕಬಾರದು, ಚೀಲದ ಗುಣ ಮಣ್ಣಿಗೆ ಬರುತ್ತದೆ. ನಿಮ್ಮ ವಿಚಾರ ತಿಳಿಯಲು ನಿಮ್ಮ ಹಿಂಬಾಲಕನನ್ನು ಕಳಿಸಿದರೂ ಹೀಗೆಯೇ.

ಈಗ ಹಾಲಿನ ಸಂಘದವರಿಗಾಗಿ ಒಂದು ಮಾತು. ನಮ್ಮ ಹಳ್ಳಿಗಳ ಹಾಲಿನ ಸಂಘಗಳು ಗುಜರಾತಿನ ಆನಂದದ ಮಾದರಿಯಲ್ಲಿ ಕಟ್ಟಿದವು ಎಂಬುದು ನಿಮಗೆ ತಿಳಿದಿದೆ. ಆನಂದ ಎಂದರೆ ಡಾಕ್ಟರ್ ವರ್ಗೀಸ್ ಕುರಿಯನ್ ಅವರ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆ. ನಾನು ನೆನಪು ಮಾಡಿಕೊಡಬೇಕೆಂದಿರುವುದು ತ್ರಿಭುವನದಾಸ್ ಪಟೇಲರನ್ನು. ಅವರು 1903ರಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. 1946ರಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟ ಆರಂಭವಾದಾಗ ಅದರ ಅಧ್ಯಕ್ಷರಾದರು. ರೈತರು ಅವರ ಮಾತಿಗೆ ತಲೆಬಾಗುತ್ತಿದ್ದರು. 1949ರಲ್ಲಿ ಸರ್ಕಾರದ ಕ್ರೀಮರಿಗೆ ಕೆಲಸಕ್ಕೆ ಬಂದ ಕುರಿಯನ್ ಆಗ ಇಪ್ಪತ್ತೇಳು ವರ್ಷದ ಇಂಜಿನಿಯರು. ಊರೂ ಹೊಸದು, ಭಾಷೆಯೂ ಬಾರದು, ಅಲ್ಲಿ ನಿಲ್ಲುವ ಮನಸ್ಸೂ ಇರಲಿಲ್ಲ. ಒಕ್ಕೂಟದ ಹಳೆಯ ಯಂತ್ರಗಳು ಪದೇ ಪದೇ ಕೆಡುತ್ತಿದ್ದವು. ಇವುಗಳನ್ನು ಎಷ್ಟು ರಿಪೇರಿ ಮಾಡಿದರೂ ಉಪಯೋಗವಿಲ್ಲ, ಹೊಸ ಪ್ಯಾಶ್ಚರೀಕರಣ ಯಂತ್ರ ತರಿಸಿ ಎಂದು ಆ ಯುವಕ ಹೇಳಿದರು. ನಲವತ್ತಾರರ ಅಧ್ಯಕ್ಷರು ಆ ಮಾತು ಕೇಳಿದರು. ಯಂತ್ರ ತರಿಸಿದರು, ಆ ಯುವಕನನ್ನೂ ಉಳಿಸಿಕೊಂಡರು.

ಆಮೇಲೆ ಅವರು ಮಾಡಿದ್ದು ಇನ್ನೂ ಕಷ್ಟದ ಕೆಲಸ. ಡೇರಿಯ ಆಡಳಿತವನ್ನು ಕುರಿಯನ್ ಅವರಿಗೆ ಬಿಟ್ಟುಕೊಟ್ಟರು. ರೈತರ ನಂಬಿಕೆಯನ್ನು ಕಾಪಾಡುವ ಕೆಲಸವನ್ನು ತಾವು ಇಟ್ಟುಕೊಂಡರು. ತನಗೆ ಬರುವ ಕೆಲಸ ಯಾವುದು, ಬಾರದ ಕೆಲಸ ಯಾವುದು ಎಂದು ನಡುವಯಸ್ಸಿನಲ್ಲಿ ಅಳೆದು ತಿಳಿದುಕೊಳ್ಳುವುದಿದೆಯಲ್ಲ, ಸ್ವಶಿಕ್ಷಣದಲ್ಲಿ ಅದೇ ದೊಡ್ಡ ಪಾಠ. 1970ರ ದಶಕದ ಮೊದಲ ವರ್ಷಗಳಲ್ಲಿ ತಾವೇ ಅಧ್ಯಕ್ಷ ಪದವಿ ಬಿಟ್ಟರು. ಆಗ ಸದಸ್ಯ ರೈತರು ತಲೆಗೆ ಒಂದೊಂದು ರೂಪಾಯಿ ಕೂಡಿಸಿ ಒಪ್ಪಿಸಿದ ನಿಧಿಯನ್ನು ಮನೆಗೆ ಒಯ್ಯಲಿಲ್ಲ. ಅದರಿಂದ ಹಳ್ಳಿಯ ತಾಯಿ ಮಕ್ಕಳ ಆರೋಗ್ಯಕ್ಕಾಗಿ ದುಡಿಯುವ ಸಂಸ್ಥೆ ಹುಟ್ಟಿತು. ನಮ್ಮ ಕಡೆ ಅಧ್ಯಕ್ಷ ಪದವಿ ಬಿಟ್ಟವರ ಸುದ್ದಿ ಕಡಮೆ; ಬಿಡಿಸಿದವರ ಸುದ್ದಿಯೇ ಹೆಚ್ಚು. ಇಪ್ಪತ್ತೇಳರ ಹುಡುಗನ ಮಾತು ಕೇಳಿದ ಈ ಕಥೆಯನ್ನು ಇಪ್ಪತ್ತೆಂಟರವನು ಏಕೆ ಆರಿಸಿಕೊಂಡ ಎಂದು ನೀವು ನಗುತ್ತಿರಬಹುದು. ನಗಬಹುದು, ಅದರಲ್ಲಿ ಸ್ವಲ್ಪ ಸ್ವಾರ್ಥವಿದೆ.

ಗಾಂಧೀಜಿಯವರ ಒಂದು ವರ್ಷದ ವಿಚಾರವೂ ಇಲ್ಲಿ ಸಲ್ಲುತ್ತದೆ. 1915ರ ಜನವರಿಯಲ್ಲಿ ಅವರು ಮುಂಬಯಿಯಲ್ಲಿ ಹಡಗಿನಿಂದ ಇಳಿದಾಗ ಅವರಿಗೆ ನಲವತ್ತೈದು ವರ್ಷ. ದಕ್ಷಿಣ ಆಫ್ರಿಕದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಟ ನಡೆಸಿ ಹೆಸರಾದವರು. ಅಂಥವರಿಗೆ ಗೋಖಲೆಯವರು ಹೇಳಿದ್ದು ಒಂದೇ ಮಾತು: ಒಂದು ವರ್ಷ ದೇಶ ಸುತ್ತಿ ನೋಡಿ, ಸಾರ್ವಜನಿಕ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳಬೇಡಿ. ಹೇಳಿದ ಗೋಖಲೆಯವರು ಫೆಬ್ರವರಿಯಲ್ಲಿಯೇ ತೀರಿಕೊಂಡರು. ಮಾತು ಕೊಟ್ಟ ಗಾಂಧೀಜಿ ಆ ಒಂದು ವರ್ಷ ಅದನ್ನು ನಡೆಸಿದರು. ರೈಲಿನ ಮೂರನೆಯ ತರಗತಿಯಲ್ಲಿ ತಿರುಗಿದರು. ಆ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿಗೂ ಬಂದು ಗೋಖಲೆಯವರ ಭಾವಚಿತ್ರ ಅನಾವರಣ ಮಾಡಿದರು. ಚರಕದ ವಿಚಾರವನ್ನು ಪುಸ್ತಕದಲ್ಲಿ ಬರೆಯುವಾಗ ಚರಕವನ್ನು ಕಂಡ ನೆನಪೇ ತಮಗಿರಲಿಲ್ಲವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಹುಡುಕಿಸಿ ತರಿಸಿ ನೂಲುವುದನ್ನು ಕಲಿಯುವ ಹೊತ್ತಿಗೆ ಐವತ್ತು ಹತ್ತಿರವಾಗಿತ್ತು. ನಮ್ಮಿಂದ ಒಂದು ವರ್ಷ ಬಾಯಿ ಮುಚ್ಚುವುದಾಗದು. ಊರಿನ ಕೆಲಸ ನಿಂತುಹೋಗುತ್ತದೆ. ಒಂದು ಗ್ರಾಮಸಭೆಯಲ್ಲಿ ಕೊನೆಗೆ ಮಾತನಾಡುವುದು ಸಾಧ್ಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಬರುವ ಸಭೆಯಲ್ಲಿ, ಎಲ್ಲ ಕೇರಿಯವರೂ ಮಾತಾಡುವವರೆಗೆ ನೀವು ಪೆನ್ಸಿಲು ಹಿಡಿದು ಬರೆದುಕೊಳ್ಳಿ. ನೀವು ಮೊದಲು ಮಾತಾಡಿದಾಗ ಎಷ್ಟು ಜನ ಮಾತಾಡುತ್ತಿದ್ದರು, ಈಗ ಎಷ್ಟು ಜನ ಮಾತಾಡಿದರು ಎಂದು ಲೆಕ್ಕ ಹಾಕಿ.

ಮಹಿಳಾ ಸದಸ್ಯರ ಕಷ್ಟ ಬೇರೆ. ನಮ್ಮ ರಾಜ್ಯದಲ್ಲಿ 2010ರ ತಿದ್ದುಪಡಿಯಾದಂದಿನಿಂದ ಪಂಚಾಯತಿಯ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿವೆ. ಆದರೆ ನಲವತ್ತು ವರ್ಷ ಮನೆ, ಹಟ್ಟಿ, ಹೊಲ ನೋಡಿಕೊಂಡು ಬಂದ ತಾಯಿಯನ್ನು ಒಂದು ದಿನ ಕುರ್ಚಿಯಲ್ಲಿ ಕೂರಿಸಿ ಕಾಗದದ ಕಟ್ಟು ಮುಂದಿಟ್ಟರೆ ಆಕೆ ಏನು ಮಾಡಬೇಕು? ಪಕ್ಕದಲ್ಲಿ ಗಂಡನೋ ಮೈದುನನೋ ನಿಂತು "ಇಲ್ಲಿ ಸಹಿ ಹಾಕು" ಎನ್ನುತ್ತಾನೆ. ಗಂಡಸರಿಗೆ ತಮಗೆ ಎಲ್ಲ ಗೊತ್ತಿದೆ ಎಂಬ ರೋಗ. ಹೆಂಗಸರಿಗೆ ತಮಗೆ ಏನೂ ಗೊತ್ತಿಲ್ಲ ಎಂಬ ರೋಗವನ್ನು ಗಂಡಸರೇ ಅಂಟಿಸಿದ್ದಾರೆ. ಆಕೆಗೆ ಬೇಕಾಗಿರುವುದು ತನ್ನ ಬಲ್ಲತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಶಿಕ್ಷಣ. ನನಗೆ ಗೊತ್ತಿರುವ ಒಬ್ಬ ಸದಸ್ಯೆ ಮೂರನೆಯ ತರಗತಿಗೆ ಶಾಲೆ ಬಿಟ್ಟವರು. ಓದಿ ಹೇಳದ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಮೊದಲ ಸಭೆಯಲ್ಲೇ ಹೇಳಿದರು. ಪ್ರತಿ ಸಭೆಯ ನಡವಳಿಯ ಒಂದು ಪುಟವನ್ನು ಮನೆಗೆ ಬರೆದು ತಂದು, ಏಳನೆಯ ತರಗತಿಯ ಮಗಳಿಂದ ಓದಿಸಿಕೊಂಡು, ತಾವು ಬೆರಳಿಟ್ಟು ಓದಿದರು. ಎರಡನೆಯ ವರ್ಷದಲ್ಲಿ ಚರಂಡಿ ಕೆಲಸದ ಬಿಲ್ಲಿನಲ್ಲಿ ಬರೆದಿದ್ದ ಉದ್ದ, ನೆಲದ ಮೇಲೆ ಇರುವ ಉದ್ದ ಎರಡೂ ಒಂದೇ ಅಲ್ಲವೆಂದು ಅವರೇ ಹಿಡಿದರು. ಸೀರೆಯನ್ನು ಮೊಳ ಹಾಕಿ ಅಳೆಯುವವಳಿಗೆ ಚರಂಡಿ ಅಳೆಯಲು ಬಾರದೇ ಎಂದರಂತೆ!

ಈಗ ನಿತ್ಯದ ಅಭ್ಯಾಸದ ವಿಚಾರ. ರಾತ್ರಿ ಮಲಗುವ ಮುಂಚೆ ಐದು ನಿಮಿಷ, ಒಂದು ನೋಟು ಪುಸ್ತಕ. ದೊಡ್ಡ ದೊಡ್ಡ ವಿಚಾರ ಬರೆಯಬೇಕಾಗಿಲ್ಲ. ಎಡಗಡೆ ಈ ದಿನ ಯಾರಿಗೆ ಏನು ಮಾತು ಕೊಟ್ಟೆ ಎಂದು ಬರೆಯಿರಿ. ಬಲಗಡೆ, ನಡೆಸಿದ ದಿನ ತಾರೀಖು ಹಾಕಿ. "ಆಗಲಿ ನೋಡೋಣ" ಎಂದದ್ದೂ ಕೊಟ್ಟ ಮಾತೇ. ಕೇಳಿದವರು ಹಾಗೆಯೇ ತಿಳಿದು ಮನೆಗೆ ಹೋಗಿರುತ್ತಾರೆ. ಅಕ್ಷರ ಬಾರದವರಿಗೂ ಇದು ಕಷ್ಟವಲ್ಲ. ಎರಡು ಕುಡಿಕೆ ಇಡಿ. ಮಾತು ಕೊಟ್ಟಾಗ ಒಂದು ಹುಣಿಸೆಬೀಜ ಮೊದಲ ಕುಡಿಕೆಗೆ ಹಾಕಿ, ನಡೆಸಿದಾಗ ಅದನ್ನು ಎರಡನೆಯದಕ್ಕೆ ಸಾಗಿಸಿ. ತಿಂಗಳ ಕೊನೆಗೆ ಎರಡನ್ನೂ ಸುರಿದು ನೋಡಿದರೆ ಉಪನ್ಯಾಸ ಬೇಕಾಗುವುದಿಲ್ಲ. ಈ ಪುಸ್ತಕವನ್ನು ಯಾರಿಗೂ ತೋರಿಸಬೇಡಿ. ತೋರಿಸುವ ಆಸೆ ಹುಟ್ಟಿದೊಡನೆ ಅದು ಪ್ರಚಾರದ ಪುಸ್ತಕವಾಗುತ್ತದೆ.

ಎರಡನೆಯ ಸಲ, ಮೂರನೆಯ ಸಲ ಆಯ್ಕೆಯಾದವರಿಗೆ ಕೂಳೆ ಕಬ್ಬಿನ ವಿಚಾರ ಹೇಳಬೇಕು. ಮೊದಲ ಬೆಳೆಗೆ ರೈತ ಎಷ್ಟು ಶ್ರದ್ಧೆ ವಹಿಸುತ್ತಾನೆ! ಉಳುಮೆ, ಬಿತ್ತನೆ ತುಂಡು, ಬೀಜೋಪಚಾರ, ಎಲ್ಲ. ಕೂಳೆಗೆ ಬಂದಾಗ "ಬುಡ ಇದೆ, ನೀರು ಬಿಟ್ಟರೆ ಬರುತ್ತದೆ" ಎನ್ನುತ್ತಾನೆ. ಬರುತ್ತದೆ ನಿಜ, ಪೈರು ತೆಳ್ಳಗೆ, ನಡುವೆ ಬೋಳು. ಕೂಳೆಯನ್ನು ನೆಲಕ್ಕೆ ಸಮವಾಗಿ ಸವರಬೇಕು. ಮೇಲೆ ಮೋಟು ಉಳಿದರೆ ಮೇಲಿನ ಕಣ್ಣುಗಳು ಚಿಗುರುತ್ತವೆ, ಅವುಗಳಿಗೆ ಬೇರಿನ ಬಲವಿಲ್ಲ. ನೆಲದೊಳಗಿನ ಕಣ್ಣು ಚಿಗುರಿದರೆ ಗಟ್ಟಿ ಕಬ್ಬು. ಸಾಲಿನ ಮಗ್ಗುಲು ಕಡಿದು ಹಳೆಯ ಬೇರು ಬಿಡಿಸಬೇಕು, ಬೋಳು ಬಿದ್ದಲ್ಲಿ ಹೊಸ ಸಸಿ ತುಂಬಬೇಕು, ಸಾರಜನಕವನ್ನು ಮೊದಲ ಬೆಳೆಗಿಂತ ಕಾಲುಭಾಗದಷ್ಟು ಹೆಚ್ಚಿಗೆ ಕೊಡಬೇಕು. ಎರಡನೆಯ ಅವಧಿಯ ಮುಂದಾಳು ಹಳೆಯ ಗೆಲುವಿನ ಮೋಟನ್ನು ಹೀಗೆಯೇ ಸವರಿಕೊಳ್ಳಬೇಕು. "ನಾನು ಆಗ ರಸ್ತೆ ಮಾಡಿಸಿದೆ" ಎಂಬ ಮಾತು ಮೇಲಿನ ಕಣ್ಣಿನ ಚಿಗುರು. ಒಂದೆರಡು ಕೂಳೆಗಿಂತ ಹೆಚ್ಚು ಬಿಡಬೇಡಿ ಎಂದು ನಾವು ರೈತರಿಗೆ ಹೇಳುತ್ತೇವೆ. ಅದು ಚುನಾವಣೆಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ನನ್ನ ಇಲಾಖೆಯ ವಿಷಯವಲ್ಲ.

ಹಳೆಯ ಗೆಲುವನ್ನು ಬದಿಗಿಟ್ಟವರಿಗೆ ಉದಾಹರಣೆ ಮಂಡ್ಯದ ವಿ. ಸಿ. ಫಾರಂನಲ್ಲಿಯೇ ಇತ್ತು. ರಾಗಿ ಲಕ್ಷ್ಮಣಯ್ಯನವರು 1921ರಲ್ಲಿ ಹುಟ್ಟಿದವರು. ಅವರು ಬೆಳೆಸಿದ ರಾಗಿ ತಳಿಗಳು ಆಗಲೇ ರೈತರ ಹೊಲ ಸೇರಿದ್ದವು. ಅಷ್ಟಕ್ಕೆ ಸುಮ್ಮನಿರದೆ ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರ ಮಾಡುವ ಕೆಲಸ ಹಿಡಿದರು. ರಾಗಿಯ ಹೂವು ಎಷ್ಟು ಸಣ್ಣದೆಂದು ನೋಡಿದವರಿಗೆ ಅದು ಎಂಥ ಕೆಲಸವೆಂದು ತಿಳಿಯುತ್ತದೆ. ಇಂಡಿಯ, ಆಫ್ರಿಕ ಎರಡೂ ಹೆಸರು ಕೂಡಿಸಿದ 'ಇಂಡಾಫ್' ತಳಿಗಳು ಹಾಗೆ ಬಂದವು. ನಮ್ಮ ಮನೆಗಳ ಮುದ್ದೆ ದಪ್ಪಗಾದದ್ದು ಅದರಿಂದ.

ಮೈಯ ವಿಚಾರವನ್ನು ವೈದ್ಯರು ಮಧ್ಯಾಹ್ನ ಹೇಳುವವರಿದ್ದಾರೆ. ಮೂವತ್ತು ದಾಟಿದವರೆಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆಯ ಏರ್ಪಾಡು ಇದೆ. ಊರಿಗೆಲ್ಲ ಶಿಬಿರ ಏರ್ಪಡಿಸಿ ತಾವು ಮಾತ್ರ ತೋಳು ಕೊಡದೆ ಓಡಾಡುವ ಮುಂದಾಳುಗಳನ್ನು ನಾನು ಕಂಡಿದ್ದೇನೆ. ಮೊದಲ ತೋಳು ನಿಮ್ಮದಾಗಲಿ.

ನೋಟು ಪುಸ್ತಕಗಳನ್ನು ಹಿಂದಿನ ಮೇಜಿನ ಮೇಲೆ ಇಟ್ಟಿದೆ, ತಲೆಗೊಂದು. ನಾಳೆ ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಹಿಂದಿನ ಹೊಲದಲ್ಲಿ ಮಣ್ಣಿನ ಮಾದರಿ ತೆಗೆಯುವ ಪ್ರಾತ್ಯಕ್ಷಿಕೆ. ಗುದ್ದಲಿ ನಾನು ತರುತ್ತೇನೆ. ಚೀಲ ನೀವು ತನ್ನಿ. ರಸಗೊಬ್ಬರದ ಚೀಲ ಬೇಡ.